ನಕ್ಷತ್ರದ ಹಡಗಿಗೆ ನಾನಿಟ್ಟ ನಾಲ್ಕು ಬೊಟ್ಟು

ಹಡಗಿನಲ್ಲಿ ಯಾವ ದೋಷವೂ ಇರಲಿಲ್ಲ. ನಾನು ಕುಂಕುಮ ಇಟ್ಟೆ, ಅದು ಕೆಟ್ಟಿತು. ನಡೆದದ್ದು ಇಷ್ಟೇ. ನನ್ನ ಮಗ ಇದನ್ನು ಮನೆಗೆ ಬಂದವರಿಗೆಲ್ಲ ಕೈ ಆಡಿಸಿಕೊಂಡು ಮುಕ್ಕಾಲು ಗಂಟೆ ಹೇಳುತ್ತಾನೆ, ಸೊಸೆ ನಡುನಡುವೆ ಒಗ್ಗರಣೆ ಹಾಕುತ್ತಾಳೆ, ಕೇಳಿದವರು ನನ್ನ ಕಡೆ ತಿರುಗಿ ನಗುತ್ತಾರೆ. ಅವರು ಹೇಳುವ ಕತೆಯಲ್ಲಿ ನಾನು ಕಾಲೇಜಿನ ಕಿಟಕಿಯಿಂದ ಆಚೆಗೆ ಹಾರಲು ಹೋಗಿದ್ದೆನಂತೆ. ಸುಳ್ಳು. ಕಿಟಕಿಯ ಹತ್ತಿರ ಹೋಗಿದ್ದೆ, ಅದಕ್ಕೆ ಸರಳುಗಳಿದ್ದವು. ಈ ಕತೆ ಇನ್ನೊಬ್ಬರ ಬಾಯಲ್ಲಿ ಮತ್ತಷ್ಟು ಬೆಳೆಯುವ ಮೊದಲು ನಾನೇ ಹೇಳಿ ಮುಗಿಸುವುದು ವಾಸಿ.

ಯಂತ್ರಕ್ಕೆ ಕುಂಕುಮ ಇಡುವುದು ನನಗೆ ಭಕ್ತಿಯಿಂದ ಬಂದ ಅಭ್ಯಾಸವಲ್ಲ. ದೇವರ ವಿಷಯದಲ್ಲಿ ನಾನು ಅಷ್ಟಕ್ಕಷ್ಟೇ. ಆದರೆ ಯಂತ್ರವೆಂದರೆ ಭಯ. ನಮ್ಮ ಯಜಮಾನರು ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದರು. ಶುಕ್ರವಾರ ಬೆಳಗ್ಗೆ ಲೇತಿಗೆ ಹೂವು, ಕುಂಕುಮ, ಊದುಬತ್ತಿ ಆಗದೆ ಅಲ್ಲಿ ಯಾರೂ ಸ್ವಿಚ್ ಮುಟ್ಟುತ್ತಿರಲಿಲ್ಲ. ಒಂದು ಶುಕ್ರವಾರ ಅರ್ಜೆಂಟ್ ಕೆಲಸ ಬಂತೆಂದು ಪೂಜೆ ಬಿಟ್ಟರು. ಅವತ್ತೇ ಇವರ ತೋರುಬೆರಳಿನ ತುದಿ ಹೋಯಿತು. "ಪೂಜೆ ಬಿಟ್ಟಿದ್ದಕ್ಕಲ್ಲ ಕಣೇ, ಹಿಂದಿನ ದಿನ ಡಬಲ್ ಡ್ಯೂಟಿ ಮಾಡಿದ್ದೆ, ಕಣ್ಣು ಎಳೀತಿತ್ತು, ಅದಕ್ಕೆ" ಎಂದು ಅವರು ಸಾಯುವವರೆಗೂ ಹೇಳಿದರು. ಬೆರಳನ್ನೇ ನೋಡಿಕೊಳ್ಳಲಾಗದ ಮನುಷ್ಯನ ಮಾತನ್ನು ನಾನು ಯಾಕೆ ನಂಬಲಿ? ಅಂದಿನಿಂದ ನಮ್ಮ ಮನೆಗೆ ಬಂದ ಮಿಕ್ಸಿ, ಗ್ರೈಂಡರ್, ಗೀಸರ್, ಸ್ಕೂಟರ್, ಮೊಮ್ಮಗಳ ಲ್ಯಾಪ್‌ಟಾಪ್ ಯಾವುದೂ ನನ್ನ ಬೆರಳಿನಿಂದ ತಪ್ಪಿಸಿಕೊಂಡಿಲ್ಲ. ವಾಷಿಂಗ್ ಮಷೀನ್ ತಂದಿಟ್ಟವನು, "ಅಮ್ಮಾ, ಅಲ್ಲೆಲ್ಲ ಎಣ್ಣೆ ಕುಂಕುಮ ಹಚ್ಚಿದ್ರೆ ವಾರಂಟಿ ಹೋಗುತ್ತೆ" ಎಂದ. "ನಿನ್ನ ವಾರಂಟಿ ಹೆಂಗಿದ್ರೂ ಎರಡು ವರ್ಷಕ್ಕೆ ಹೋಗುತ್ತಪ್ಪ, ಇದು ವರ್ಷ ವರ್ಷ ಹೊಸದು" ಎಂದೆ. ಆ ಮಷೀನ್ ಇವತ್ತಿಗೂ ಓಡುತ್ತಿದೆ. ಗಡಗಡ ಅನ್ನುತ್ತದೆ, ಬಚ್ಚಲಿನಲ್ಲಿ ಒಂದಡಿ ಮುಂದಕ್ಕೂ ಬರುತ್ತದೆ, ಆದರೆ ಓಡುತ್ತಿದೆ.

ಈಗ ಹಡಗಿನ ವಿಷಯ. ನನ್ನ ಮೊಮ್ಮಗಳು ಸಿಂಚನ ಎಂಜಿನಿಯರಿಂಗ್ ಕೊನೆಯ ವರ್ಷ. ಕೊನೆಯ ವರ್ಷದಲ್ಲಿ ಏನಾದರೂ ಒಂದನ್ನು ಸ್ವಂತವಾಗಿ ಮಾಡಿ ತೋರಿಸಬೇಕು, ಅದಕ್ಕೆ ಪ್ರಾಜೆಕ್ಟ್ ಎನ್ನುತ್ತಾರೆ. ಕ್ಲಾಸಿನ ಮಿಕ್ಕವರೆಲ್ಲ ಹಾಜರಿ ಹಾಕುವ ಆ್ಯಪ್ ಮಾಡಿದ್ದರು. ಕಾಲೇಜಿಗೇ ಹೋಗದ ಮಕ್ಕಳು ಹಾಜರಿ ಹಾಕುವ ಆ್ಯಪ್ ಮಾಡುತ್ತಾರೆ, ಇರಲಿ. ಸಿಂಚನ ಮಾತ್ರ ಉಲ್ಲಾಳು ಉಪನಗರದಿಂದ ಬರುವ ತನ್ನ ಗೆಳತಿ ಪಲ್ಲವಿಯನ್ನು ಜೊತೆಗೆ ಹಾಕಿಕೊಂಡು ನಕ್ಷತ್ರಗಳ ನಡುವೆ ಹೋಗುವ ಹಡಗು ಮಾಡಲು ಹೊರಟಳು. ನಿಜವಾದ ಹಡಗಲ್ಲ. ತಲೆಗೆ ಒಂದು ದಪ್ಪ ಕನ್ನಡಕ ಕಟ್ಟಿಕೊಂಡರೆ ಕಣ್ಣ ಮುಂದೆ ಹಡಗು ಇದ್ದ ಹಾಗೆ ಕಾಣುತ್ತದೆ. ನಾವು ನಿಂತಿರುವುದು ಕಾಲೇಜಿನ ಲ್ಯಾಬಿನಲ್ಲಿ, ಕಾಣುವುದು ಆಕಾಶ. ಆ ಹಡಗಿಗೆ ಬೆಂಕಿ ಬೀಳುತ್ತದೆ, ಕ್ಯಾಪ್ಟನ್ ಆದವರು ನಡೆದು ಹೋಗಿ ಗುಂಡಿ ಒತ್ತಿ ಬೆಂಕಿ ಆರಿಸಿ ಜನರನ್ನು ಉಳಿಸಬೇಕು.

ನನ್ನ ಮಗ, "ಸುಮ್ನೆ ಎಲ್ಲರ ಥರ ಹಾಜರಿ ಆ್ಯಪ್ ಮಾಡು, ಪಾಸ್ ಆಗು" ಎಂದು ಬೈದ. ಅವನು ಬೇಡ ಎಂದನೆಂದು ನಾನು "ಹಡಗೇ ಮಾಡು" ಎಂದೆ. ನಾಲ್ಕನೇ ಕ್ಲಾಸು ಓದಿದ ನನಗೆ ಆ ಪ್ರಾಜೆಕ್ಟಿನ ತಲೆಬುಡ ತಿಳಿದಿರಲಿಲ್ಲ. ಮಗನ ಮಾತು ನಡೆಯಬಾರದು ಎಂಬುದಷ್ಟೇ ತಿಳಿದಿತ್ತು. ಅದರ ಫಲ ಅನುಭವಿಸುವ ದಿನವೂ ಬಂತು. ಕಂಪ್ಯೂಟರ್ ಎಂದರೇನೆಂದು ಗೊತ್ತಿಲ್ಲದವರೂ ಈ ಹಡಗು ನಡೆಸಬಲ್ಲರು ಎಂದು ಹೊರಗಿನಿಂದ ಬರುವ ಪರೀಕ್ಷಕರ ಎದುರು ತೋರಿಸಬೇಕಂತೆ. ಏನೂ ಗೊತ್ತಿಲ್ಲದವರು ಬೇಕು ಎಂದ ಕೂಡಲೇ ಮನೆಯವರೆಲ್ಲ ನನ್ನ ಮುಖ ನೋಡಿದರು.

"ಅಜ್ಜಿ, ಇದು ಫೇಲ್ ಆದ್ರೆ ಡಿಗ್ರಿನೇ ನಿಲ್ಲುತ್ತೆ. ನೀನು ಏನೂ ಮಾಡ್ಬೇಡ, ನಾನು ಹೇಳಿದಷ್ಟೇ ಮಾಡು" ಎಂದು ಸಿಂಚನ ಆಟೋದಲ್ಲಿ ಮಲ್ಲತ್ತಹಳ್ಳಿ ಕೆರೆ ದಾಟುವುದರೊಳಗೆ ಆರು ಸಲ ಹೇಳಿದಳು.

"ಏನೂ ಮಾಡ್ಬಾರ್ದಾ, ಹೇಳಿದ್ದು ಮಾಡ್ಬೇಕಾ? ಎರಡ್ರಲ್ಲಿ ಒಂದು ಹೇಳೇ" ಎಂದೆ. ಉಗುರು ಕಚ್ಚಿಕೊಂಡು ಆಚೆ ನೋಡಿದಳು. ಈ ಹುಡುಗಿ ನಾಲ್ಕು ತಿಂಗಳಿಂದ ಸರಿಯಾಗಿ ಊಟ ಮಾಡಿದ್ದನ್ನು ನಾನು ಕಂಡಿಲ್ಲ. ಫೇಲ್ ಆದರೆ ಅವಳಪ್ಪ "ನಾನು ಹೇಳಿರಲಿಲ್ವಾ" ಎನ್ನುತ್ತಾನೆ, ಅದನ್ನು ನಾವಿಬ್ಬರೂ ಜೀವನಪೂರ್ತಿ ಕೇಳಬೇಕು. ಅದಕ್ಕಿಂತ ಹಡಗಿನ ಬೆಂಕಿಯೇ ಮೇಲು.

ಲ್ಯಾಬಿನಲ್ಲಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ನೆಲದ ಮೇಲೆ ನೀಲಿ ಟೇಪಿನಲ್ಲಿ ಚೌಕ ಹಾಕಿದ್ದರು, ನಾನು ಅದರೊಳಗೇ ನಡೆಯಬೇಕಂತೆ. ಕಾಲೇಜಿನ ಬೀರುವಿನಿಂದ ಆ ಕನ್ನಡಕ ತಂದು ಟೇಬಲ್ ಮೇಲಿಟ್ಟರು. ಅಲ್ಲಿಯವರೆಗೆ ನಾನು ಅದನ್ನು ಕಂಡಿರಲಿಲ್ಲ. ಅಷ್ಟರಲ್ಲಿ ಪರೀಕ್ಷಕರು ಬಂದರು ಎಂದು ಯಾರೋ ಕೂಗಿದರು, ಹುಡುಗಿಯರಿಬ್ಬರೂ ಅವರನ್ನು ಕರೆತರಲು ಓಡಿದರು. ನಾನೂ ಆ ಯಂತ್ರವೂ ಇಬ್ಬರೇ ಉಳಿದೆವು.

ಸುತ್ತ ನೋಡಿದೆ. ಲ್ಯಾಬಿನ ಕಂಪ್ಯೂಟರುಗಳಿಗೆ ಆಯುಧಪೂಜೆಯ ಬೊಟ್ಟು ಇತ್ತು. ಬೆಂಕಿ ಆರಿಸುವ ಸಿಲಿಂಡರಿಗೆ ವಿಭೂತಿ ಇತ್ತು. ಗೋಡೆಯ ಸ್ವಿಚ್ ಬೋರ್ಡಿಗೂ ಇತ್ತು. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ಈ ಒಂದಕ್ಕೆ ಮಾತ್ರ ಇರಲಿಲ್ಲ. ಕರ್ರಗೆ ಬೋಳುಮುಖ. ಮೊಮ್ಮಗಳ ನಾಲ್ಕು ವರ್ಷದ ಓದು ಇದರ ಮೇಲೆ ನಿಂತಿದೆ, ಇದನ್ನು ಹೀಗೇ ತಲೆಗೆ ಕಟ್ಟಿಕೊಳ್ಳುವುದೇ? ಪರ್ಸಿನಲ್ಲಿ ಕುಂಕುಮದ ಪೊಟ್ಟಣ ಯಾವಾಗಲೂ ಇರುತ್ತದೆ. ಒಣ ಕುಂಕುಮ ನಿಲ್ಲುವುದಿಲ್ಲ ಎಂದು ಬೆರಳನ್ನು ತಲೆಯ ಎಣ್ಣೆಗೆ ಒತ್ತಿಕೊಂಡು ಕುಂಕುಮಕ್ಕೆ ಅದ್ದಿದೆ. ಎಲ್ಲಿ ಇಡಲಿ ಎಂದು ಯೋಚಿಸುವ ಕೆಲಸವೇ ಇರಲಿಲ್ಲ. ಅದರ ಮುಂಭಾಗದ ನಾಲ್ಕು ಮೂಲೆಯಲ್ಲಿ ನಾಲ್ಕು ಗುಂಡನೆ ಗಾಜಿನ ಜಾಗ, ಬೊಟ್ಟಿಗೆಂದೇ ಬಿಟ್ಟ ಹಾಗೆ. ನಾಲ್ಕಕ್ಕೂ ತುಂಬಾ ಇಟ್ಟೆ. ಲಕ್ಷಣವಾಗಿ ಕಂಡಿತು.

ಪರೀಕ್ಷಕರು ಬಂದರು. ಹಣೆಯಲ್ಲಿ ನಾಮ, ಕೈಯಲ್ಲಿ ಫೈಲು, ಮುಖದಲ್ಲಿ ಹನ್ನೆರಡು ಹಾಜರಿ ಆ್ಯಪ್ ನೋಡಿದ ಆಯಾಸ. ಪರೀಕ್ಷಕರಿಗೆ ಮೊದಲು ತಿಂಡಿ ಕೊಡುವುದು ಕಾಲೇಜುಗಳ ಪದ್ಧತಿಯಂತೆ. ಅವರ ಮುಂದೆ ಒಂದು ಪ್ಲೇಟಿನಲ್ಲಿ ಖಾರಾಬಾತು ಕೇಸರಿಬಾತು ಇಟ್ಟರು. ಸಿಂಚನ ಆ ಕನ್ನಡಕವನ್ನು ನನ್ನ ತಲೆಗೆ ಬಿಗಿದಳು. ಬೊಟ್ಟು ಅವಳ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ನೋಡಿದಳು, ಏನೂ ಅನ್ನಲಿಲ್ಲ. ಪರೀಕ್ಷಕರು ನೇರ ನನ್ನ ಎದುರಿಗೇ ಕೂತಿದ್ದರು. ಅವರೂ ಅನ್ನಲಿಲ್ಲ.

"ಅಜ್ಜಿ, ಏನ್ ಕಾಣಿಸ್ತಿದೆ?"

"ಬಸ್ ಸ್ಟ್ಯಾಂಡ್ ಕಾಣಿಸ್ತಿದೆ."

"ಅದು ಹಡಗಿನ ಒಳಗಡೆ ಅಜ್ಜಿ!"

ಬಸ್ ಸ್ಟ್ಯಾಂಡೇ. ಉದ್ದದ ಹಜಾರ, ಟ್ಯೂಬ್‌ಲೈಟು, ಸುಮ್ಮನೆ ನಿಂತ ನಲವತ್ತು ಜನ. ನಲವತ್ತು ಜನಕ್ಕೂ ಒಂದೇ ಮುಖ, ಒಂದೇ ಮೀಸೆ. "ಇವರನ್ನೆಲ್ಲ ಒಬ್ಬಳೇ ಹೆತ್ತಳೇನೇ?" ಎಂದೆ. "ಒಂದೇ ಮನುಷ್ಯ ಫ್ರೀ ಸಿಕ್ಕಿದ್ದು ಅಜ್ಜಿ, ಅವನನ್ನೇ ಕಾಪಿ ಮಾಡಿದೀವಿ" ಎಂದು ಪಲ್ಲವಿ ಕಿವಿಯಲ್ಲಿ ಹೇಳಿದಳು. ಆಮೇಲೆ ಅದೇ ಪಲ್ಲವಿಯ ದನಿ ಹಡಗಿನೊಳಗಿಂದ ವಾರ್ತೆ ಓದುವವರ ಹಾಗೆ ಬಂತು: "ಕ್ಯಾಪ್ಟನ್, ಎಂಜಿನ್ ಕೋಣೆಯಲ್ಲಿ ಬೆಂಕಿ. ದಯವಿಟ್ಟು ಎದುರಿನ ಬಾಗಿಲವರೆಗೆ ನಡೆದು ಕೆಂಪು ಗುಂಡಿಯನ್ನು ಒತ್ತಿರಿ."

ನಾನು ನಡೆದೆ. ಬಾಗಿಲು ಹತ್ತಿರ ಬರಲಿಲ್ಲ. ಇನ್ನೂ ನಡೆದೆ. ಚಂದ್ರನ ಕಡೆ ನಡೆದ ಹಾಗಾಯಿತು, ನಾನು ಎಷ್ಟು ಹೋದರೆ ಅದೂ ಅಷ್ಟೇ ಹಿಂದೆ ಸರಿಯುತ್ತಿತ್ತು. "ಅಜ್ಜಿ, ಟೇಪು! ಟೇಪ್ ದಾಟ್ತಿದೀಯ!" ಎಂದು ಸಿಂಚನ ಕೂಗಿದಳು. ಹಡಗಿನಲ್ಲಿ ಎಲ್ಲಿಯ ಟೇಪು? ಅಷ್ಟರಲ್ಲಿ ನೆಲ ಮೇಲೆದ್ದು ಬಂತು, ಅಥವಾ ನಾನೇ ಇಳಿದೆನೋ ಗೊತ್ತಾಗಲಿಲ್ಲ. ಸೊಂಟದವರೆಗೆ ನೆಲದಲ್ಲಿ ಹೂತುಹೋದೆ. ನಲವತ್ತು ಜೊತೆ ಮೊಣಕಾಲು ನನ್ನ ಕಣ್ಣ ಮಟ್ಟಕ್ಕೆ ಬಂದವು. ಅವರಲ್ಲಿ ಒಬ್ಬನಾದರೂ ಕೈ ಕೊಟ್ಟು ಎತ್ತಲಿಲ್ಲ. ಹಡಗಿನ ದನಿ ಮಾತ್ರ, "ಗಾಬರಿಯಾಗಬೇಡಿ. ನೀವು ಚೆನ್ನಾಗಿ ಮಾಡುತ್ತಿದ್ದೀರಿ" ಎಂದಿತು.

"ಚೆನ್ನಾಗ್ ಮಾಡ್ತಿದೀನಾ? ಅರ್ಧ ಮುಳುಗಿದೀನಿ, ಕಣ್ಣು ಕಾಣಲ್ವೇನೇ ನಿಂಗೆ?" ಎಂದು ಅದಕ್ಕೆ ಬೈದೆ. ಆಗ ನನಗೆ ತಿಳಿದಿರಲಿಲ್ಲ, ಅದೇ ಸರಿಯಾದ ಪ್ರಶ್ನೆಯಾಗಿತ್ತು.

ಆಮೇಲೆ ಹಡಗಿನ ಗೋಡೆ ನನ್ನ ಮೂಲಕ ಹಾದುಹೋಗಿ ನಾನು ಆಚೆ ನಕ್ಷತ್ರಗಳ ನಡುವೆ ನಿಂತೆ. ಕೈ ಮುಂದೆ ಚಾಚಿದರೆ ನನ್ನ ಕೈಯೇ ನನಗೆ ಕಾಣಲಿಲ್ಲ. ತಣ್ಣನೆಯ ಕಬ್ಬಿಣ ಸಿಕ್ಕಿತು, ಕಿಟಕಿಯ ಸರಳು, ಅದೇ ಮಗ ಹೇಳುವ ಹಾರುವ ಪ್ರಸಂಗ. ಅಲ್ಲಿಂದ ತಿರುಗಿದರೆ ಕೆಂಪು ಗುಂಡಿ ಕಣ್ಣೆದುರಿಗೇ ತೇಲಿಕೊಂಡು ಬಂತು. ಬಿಡಬಾರದು ಎಂದು ಎರಡು ಹೆಜ್ಜೆ ರಭಸವಾಗಿ ಹೋಗಿ ಅಂಗೈಯಿಂದ ಒತ್ತಿದೆ. ಗುಂಡಿ ಬೆಚ್ಚಗಿತ್ತು, ಮೆತ್ತಗಿತ್ತು, ತುಪ್ಪದ ವಾಸನೆ ಬಂತು.

"ಅಮ್ಮಾ, ಅದು ನನ್ನ ಕೇಸರಿಬಾತು" ಎಂದರು ಪರೀಕ್ಷಕರು.

ಅವರು ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು. ಕೋಪಿಸಿಕೊಳ್ಳದೆ ಫೈಲಿನಲ್ಲಿ ಏನೋ ಬರೆದುಕೊಂಡರು. "ಅರ್ಧ ಗಂಟೆ ಟೈಮ್ ಕೊಡ್ತೀನಿ, ಏನಾಗಿದೆ ನೋಡಿ. ಆಗ್ಲಿಲ್ಲ ಅಂದ್ರೆ ನಾನು ಇರೋದನ್ನೇ ಬರೀಬೇಕಾಗುತ್ತೆ" ಎಂದು ಪಕ್ಕದ ಕೋಣೆಗೆ ಹದಿಮೂರನೆಯ ಹಾಜರಿ ಆ್ಯಪ್ ನೋಡಲು ಹೋದರು.

ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಬಂದಿತ್ತಂತೆ, ಕೋಣೆ ತುಂಬಾ ಕತ್ತಲಾಗಿದೆ, ದೀಪ ಹಾಕಿ ಎಂದು. ಬೆಳಗಿನ ಹನ್ನೊಂದು ಗಂಟೆ, ಹೊರಗೆ ಬಿಸಿಲು ರಾಚುತ್ತಿದೆ. ಇಬ್ಬರೂ ಲ್ಯಾಬಿನ ಅಷ್ಟೂ ಟ್ಯೂಬ್‌ಲೈಟ್ ಹಾಕಿದರು. ಕತ್ತಲು ಎಂದಿತು. ಪರದೆಗಳನ್ನೆಲ್ಲ ಸರಿಸಿದರು. ಕತ್ತಲು. ಪಲ್ಲವಿ ಎರಡು ಮೊಬೈಲಿನ ಟಾರ್ಚ್ ಹಿಡಿದು ಅದರ ಮುಖಕ್ಕೇ ಬಿಟ್ಟಳು. ಆ ಬೆಳಕಿನಲ್ಲಿ ನನ್ನ ನಾಲ್ಕು ಬೊಟ್ಟುಗಳು ದೀಪಾವಳಿಯ ಹಾಗೆ ಕೆಂಪಗೆ ಹೊಳೆದವು. ಅದನ್ನೇ ನೋಡುತ್ತ ಸಿಂಚನ, "ಲೈಟ್ ಪ್ರಾಬ್ಲಮ್ ಅಲ್ಲ ಕಣೇ, ಇದು ನಿನ್ನ ಪಾರ್ಟು. ನಡೆಯೋ ಕೋಡ್ ಬರೆದಿದ್ದು ನೀನು" ಎಂದಳು.

"ನಿನ್ನೆ ನೂರು ಸಲ ಓಡಿಸಿದೀನಿ ಕಣೇ! ನೀನೇ ನೋಡಿದೀಯಲ್ಲ!"

"ಇವತ್ತು ಓಡ್ತಿಲ್ವಲ್ಲ!"

"ಹಡಗು ಮಾಡೋಣ ಅಂದಿದ್ದು ಯಾರು? ನಾನು ಹಾಜರಿ ಆ್ಯಪೇ ಸಾಕು ಅಂದೆ!"

ಅದು ಬರೀ ಬಾಯಿ ಜಗಳವಾಗಿರಲಿಲ್ಲ. ಪಲ್ಲವಿ ತನ್ನ ಪುಸ್ತಕಗಳನ್ನು ಬ್ಯಾಗಿಗೆ ತುರುಕತೊಡಗಿದ್ದಳು. ನಾನು ಇಬ್ಬರನ್ನೂ ಸಮಾಧಾನ ಮಾಡೋಣವೆಂದು, "ಅಲ್ಲ, ಅದಕ್ಕೆ ಕತ್ತಲು ಅಂತ ಹೆಂಗೆ ಗೊತ್ತಾಗುತ್ತೆ? ಅದಕ್ಕೇನು ಕಣ್ಣಿದ್ಯಾ?" ಎಂದೆ.

"ಇದೆ ಅಜ್ಜಿ. ಮುಂದುಗಡೆ ನಾಲ್ಕು ಮೂಲೆಲಿ ರೌಂಡ್ ರೌಂಡಾಗಿ ಇದ್ಯಲ್ಲ, ಅದೇ ಕ್ಯಾಮೆರಾ. ಅದರಲ್ಲೇ ನೆಲ, ಗೋಡೆ, ನಿನ್ನ ಕೈ ಎಲ್ಲ ನೋಡ್ಕೊಳ್ಳುತ್ತೆ" ಎಂದು ಸಿಂಚನ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದಳು.

ನಾನು ಕುಂಕುಮದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ನೇರ ಮಾತಿನವಳು ಎಂದು ನಮ್ಮ ಬಡಾವಣೆಯಲ್ಲಿ ಹೆಸರು. ಮದುವೆಮನೆಯಲ್ಲಿ ಹೆಣ್ಣಿನ ಅಪ್ಪನನ್ನೇ ಕರೆದು ಸಾರಿಗೆ ಉಪ್ಪಿಲ್ಲ ಎಂದವಳು. ಪಕ್ಕದ ಮನೆಯವಳು ತನ್ನ ಹಾಡಿನ ಕ್ಯಾಸೆಟ್ ಹಾಕಿ ಹೇಗಿದೆ ಎಂದಾಗ ಹೇಗಿತ್ತೋ ಹಾಗೇ ಹೇಳಿ ಎರಡು ವರ್ಷ ಮಾತು ಕಳೆದುಕೊಂಡವಳು. ನಿಜ ಹೇಳಲು ಯಾಕೆ ಹೆದರಬೇಕು ಎಂದು ಮನೆಯಲ್ಲಿ ದಿನಾ ಉಪದೇಶ ಮಾಡುವವಳು. ಅಂಥವಳು ಆ ಕುರ್ಚಿಯಲ್ಲಿ ಕೈಗೆ ಮೆತ್ತಿದ ಕೇಸರಿಬಾತು ಒರೆಸಿಕೊಳ್ಳುತ್ತ ಹದಿನೈದು ನಿಮಿಷ ಮೂಗಿಯ ಹಾಗೆ ಕೂತೆ. ಆಗ ಗೊತ್ತಾಯಿತು, ನಾನು ಇಷ್ಟು ವರ್ಷ ಹೇಳಿದ ನಿಜಗಳೆಲ್ಲ ಬೇರೆಯವರವು. ನನ್ನದು ಎಂದು ಒಂದು ನಿಜ ಹೇಳಬೇಕಾಗಿ ಬಂದದ್ದು ಅದೇ ಮೊದಲು.

ಹೇಳದೆ ಸರಿಮಾಡಿದರೆ ಆಯಿತಲ್ಲ ಎನ್ನಿಸಿತು. "ಕೊಡಿಲ್ಲಿ, ಅದು ಬಿದ್ದುಗಿದ್ದೀತು, ತೊಡೆ ಮೇಲಿಟ್ಟುಕೊಂಡಿರ್ತೀನಿ" ಎಂದು ಕನ್ನಡಕ ಇಸಿದುಕೊಂಡೆ. ಸೆರಗಿನ ಕೆಳಗೆ ಇಟ್ಟು ಒರೆಸಿದೆ. ಎಣ್ಣೆ ಕುಂಕುಮ ಒರೆಸಿದರೆ ಹೋಗುತ್ತದೆಯೇ? ಐವತ್ತು ವರ್ಷ ಬಟ್ಟೆ ಒಗೆದವಳಿಗೆ ಅಷ್ಟು ತಿಳಿಯಬೇಡವೇ? ನಾಲ್ಕು ಬೊಟ್ಟಾಗಿದ್ದದ್ದು ಹರಡಿ ಇಡೀ ಮುಖ ಕೆಂಪಾಯಿತು, ಸಿಂಧೂರ ಬಳಿದ ಆಂಜನೇಯನ ಹಾಗೆ. ನನ್ನ ಸೆರಗೂ ಕೆಂಪು. ಮತ್ತೆ ಒರೆಸುವ ಮೊದಲೇ ಸಿಂಚನ ಬಂದು, "ಕೊಡು, ನಾನೇ ಹಾಕ್ಕೊಂಡು ನೋಡ್ತೀನಿ" ಎಂದು ಹಿಂದಿನ ಪಟ್ಟಿ ಹಿಡಿದು ಎಳೆದು ತಲೆಗೆ ಹಾಕಿಕೊಂಡಳು. ಅದರ ಒಳಗಿಂದ ಲ್ಯಾಬನ್ನು ನೋಡಬಹುದಂತೆ. ನೋಡಿದಳು. ಕಿರುಚಿದಳು.

"ಪಲ್ಲೂ, ಎಲ್ಲಾ ಕೆಂಪು! ಕ್ಯಾಮೆರಾ ಸುಟ್ಟೋಗಿದೆ! ಟಾರ್ಚ್ ಬಿಟ್ಟಿದ್ದಕ್ಕೆ ಸುಟ್ಟೋಯ್ತು ಕಣೇ!"

ಟಾರ್ಚ್ ಹಿಡಿದಿದ್ದವಳು ಪಲ್ಲವಿ. ಅವಳು ನೆಲದ ಮೇಲೆ ಕುಸಿದು ಕೂತು ಅಳತೊಡಗಿದಳು. ಸದ್ದು ಮಾಡದೆ, ದುಪಟ್ಟಾ ಬಾಯಿಗೆ ಒತ್ತಿಕೊಂಡು. ಅದು ನನ್ನಿಂದ ನೋಡಲಾಗಲಿಲ್ಲ. ಜೋರಾಗಿ ಅತ್ತಿದ್ದರೆ ಇನ್ನೂ ಐದು ನಿಮಿಷ ತಡೆಯುತ್ತಿದ್ದೆನೋ ಏನೋ.

"ಏನೂ ಸುಟ್ಟಿಲ್ಲ. ಏಳೇ ಮೇಲೆ. ಅದು ಕುಂಕುಮ. ನಾನಿಟ್ಟಿದ್ದು" ಎಂದೆ.

ಸಿಂಚನ ಕನ್ನಡಕ ತೆಗೆದು ಅದರ ಮುಖ ನೋಡಿದಳು. ನನ್ನ ಸೆರಗು ನೋಡಿದಳು. ನಾನು ಹೆತ್ತ ಮಗನ ಮಗಳು, ನನ್ನ ಬಾಯೇ ಅವಳಿಗೂ ಬಂದಿದೆ. ಆದರೆ ಮೊದಲು ಬಾಯಿ ತೆರೆದದ್ದು ಪಲ್ಲವಿ: "ಅಜ್ಜೀ, ನಾನು ಅರ್ಧ ಗಂಟೆಯಿಂದ ಸಾಯ್ತಾ ಇದೀನಿ, ನೀವು ಪಕ್ಕದಲ್ಲೇ ಕೂತು ನೋಡ್ತಾ ಇದ್ರಾ?"

"ಅರ್ಧ ಗಂಟೆ ಇಲ್ಲಮ್ಮ, ಗೊತ್ತಾಗಿ ಹದಿನೈದು ನಿಮಿಷ" ಎಂದೆ. ಲೆಕ್ಕ ಸರಿಯಾಗಿತ್ತು, ಸಮಯ ಸರಿಯಿರಲಿಲ್ಲ.

ಪರೀಕ್ಷಕರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಬಂದು ಕನ್ನಡಕವನ್ನು ಕೈಯಲ್ಲಿ ತಿರುಗಿಸಿ ನೋಡಿ, "ನಾನೂ ಎದುರಿಗೇ ಕೂತಿದ್ದೆ. ಬೊಟ್ಟು ನೋಡಿದೆ. ನಮ್ಮನೆ ಪ್ರಿಂಟರ್‌ಗೂ ಇದೆ, ಅದಕ್ಕೇ ಕಣ್ಣಿಗೆ ಬಿದ್ರೂ ತಲೆಗೆ ಹೋಗ್ಲಿಲ್ಲ" ಎಂದರು.

ನಾನು ಎದ್ದು ನಿಂತೆ. "ಸಾರ್, ಮಕ್ಕಳದ್ದು ತಪ್ಪಿಲ್ಲ. ಮಾರ್ಕ್ಸ್ ಕಳೆಯೋದಾದ್ರೆ ನಂದು ಕಳೀರಿ."

"ನಿಮಗೆ ಮಾರ್ಕ್ಸ್ ಕೊಟ್ಟಿದ್ರೆ ತಾನೇ ಅಮ್ಮ ಕಳೆಯೋದು?" ಎಂದು ಅವರು ಹುಡುಗಿಯರ ಕಡೆ ತಿರುಗಿದರು. "ತಪ್ಪು ನಿಮ್ಮದೂ ಇದೆ. ಕತ್ತಲು ಅಂತ ಹೇಳೋ ಬದಲು, ಕಣ್ಣು ಮುಚ್ಚಿದೆ, ಒರೆಸಿ ಅಂತ ನಿಮ್ಮ ಹಡಗು ಹೇಳ್ಬೇಕಿತ್ತು. ನಮ್ಮ ಜನಕ್ಕೆ ಅಂತ ಮಷೀನ್ ಮಾಡೋರು, ಅದಕ್ಕೆ ಯಾರಾದ್ರೂ ಪೂಜೆ ಮಾಡ್ತಾರೆ ಅಂತ ಯೋಚಿಸಬೇಡ್ವಾ? ಹೋಗಿ, ಕ್ಲೀನ್ ಮಾಡಿ, ಇನ್ನೊಂದು ಸಲ ತೋರಿಸಿ. ಅದೇ ಅಜ್ಜಿ ಮಾಡ್ಬೇಕು." ಹೋಗುವ ಮುನ್ನ ತಮ್ಮ ತಿಂಡಿಯ ಪ್ಲೇಟನ್ನು ಬೀರುವಿನ ಮೇಲೆ ಎತ್ತಿಟ್ಟರು.

ಕನ್ನಡಕ ಒರೆಸುವ ಬಟ್ಟೆ, ಹತ್ತಿ, ಯಾವುದೋ ಸ್ಪಿರಿಟ್ಟು ಎಲ್ಲ ಹಾಕಿ ಪಲ್ಲವಿ ಇಪ್ಪತ್ತು ನಿಮಿಷ ಉಜ್ಜಿದಳು. ಎರಡನೆಯ ಸಲ ಹಡಗು ಹಸುವಿನ ಹಾಗೆ ನಡೆಯಿತು. ಹತ್ತು ಹೆಜ್ಜೆಗೆ ಬಾಗಿಲು ಬಂತು, ಗುಂಡಿ ಒತ್ತಿದೆ, ಬೆಂಕಿ ಆರಿತು, ನಲವತ್ತು ಮೀಸೆಯವರನ್ನೂ ಸಾಲಾಗಿ ಆಚೆ ಕಳಿಸಿದೆ. ನೆಲದಲ್ಲಿ ಹೂತಿದ್ದಾಗ ಕೈ ಕೊಡದವರು ಎಂದು ನೆನಪಿತ್ತು, ಆದರೂ ಉಳಿಸಿದೆ. ಹುಡುಗಿಯರು ಪಾಸಾದರು. ಐದು ಅಂಕ ಕಡಿಮೆ ಬಂತು. ಆ ಐದು ನನ್ನವು ಎಂದು ನನಗೂ ಗೊತ್ತು, ಸಿಂಚನಳಿಗೂ ಗೊತ್ತು. ವಾಪಸು ಆಟೋದಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಕ್ಷಮಿಸಿದಳೋ, ಸುಸ್ತಾಗಿತ್ತೋ, ನಾನು ಕೇಳಲಿಲ್ಲ.

ಮರುದಿನ ಬೆಳಗ್ಗೆ ಎದ್ದು ಮುಖ ತೊಳೆದ ತಕ್ಷಣ ನಾನು ಸ್ಟೂಲ್ ತೆಗೆದುಕೊಂಡು ಗೇಟಿನ ಹತ್ತಿರ ಹೋದೆ. ನಮ್ಮ ಸಜ್ಜದ ಕೆಳಗೆ ಮಗ ಒಂದು ಕ್ಯಾಮೆರಾ ಹಾಕಿಸಿದ್ದಾನೆ, ಗೇಟಿಗೆ ಯಾರು ಬಂದರೂ ಮೊಬೈಲಿನಲ್ಲಿ ಕಾಣಬೇಕೆಂದು. ಆಯುಧಪೂಜೆ ಆದಾಗಿನಿಂದ ಅದರಲ್ಲಿ ಏನೂ ಕಾಣುತ್ತಿಲ್ಲ. ಹಾಕಿದವನು ಎರಡು ಸಲ ಬಂದು, ಸ್ಟೂಲ್ ಹತ್ತದೆ, ಒಳಗೆ ವೈರು ಬದಲಾಯಿಸಿ ಹೋಗಿದ್ದ. ಆರು ತಿಂಗಳಿಂದ ಮಗ ಆ ಕಂಪನಿಯವರನ್ನು ಫೋನಿನಲ್ಲಿ ಬೈಯುತ್ತಿದ್ದ, ಅವರಿಗೆ ಬೈಯುವುದು ಸಾಲದು ಎಂದು ನಾನೂ ಹೇಳಿಕೊಡುತ್ತಿದ್ದೆ. ಮನೆಯಲ್ಲಿ ಯಾರೂ ಎದ್ದಿರಲಿಲ್ಲ. ಸ್ಟೂಲ್ ಹತ್ತಿ, ಸೀಗೆಪುಡಿ ನೀರಲ್ಲಿ ಅದ್ದಿದ ಬಟ್ಟೆಯಿಂದ ಆ ಗಾಜಿನ ಮೇಲೆ ನಾನಿಟ್ಟಿದ್ದ ಬೊಟ್ಟನ್ನು ಚೆನ್ನಾಗಿ ಉಜ್ಜಿದೆ. ಒಂದು ಕೆಲಸವಾದರೂ ಯಾರಿಗೂ ಗೊತ್ತಾಗದೆ ಮುಗಿಯಿತು ಎಂದುಕೊಂಡೆ.

ಒಳಗೆ ಕೋಣೆಯಿಂದ ಸೊಸೆಯ ದನಿ ಕೇಳಿಸಿತು. "ರೀ, ಏಳ್ರೀ, ಕ್ಯಾಮೆರಾ ಬಂತು! ಅತ್ತೆ ಕಾಣಿಸ್ತಿದಾರೆ. ಹತ್ರದಿಂದ. ಕೈಯಲ್ಲಿ ಕೆಂಪು ಬಟ್ಟೆ."

ನಾನು ಕ್ಯಾಮೆರಾದ ಕಡೆಗೇ ನೋಡುತ್ತ, ಅಲ್ಲಿದ್ದ ಜೇಡರಬಲೆ ತೆಗೆಯತೊಡಗಿದೆ. ಅಲ್ಲಿ ಜೇಡರಬಲೆ ಇರಲಿಲ್ಲ.